ತಾರೀಕಿನ ಪ್ರಕಾರ ಮೂರು ವರ್ಷ

"ಇದು ನಡೆಯಲ್ಲ ಮೇಡಂ."

ಆ ದನಿ ಕೇಳಿ ಅವಳು ತಲೆಯೆತ್ತಿದಳು. ಗಾಜಿನ ಆಚೆ... ಅವನೇ!

ಮೂರು ವರ್ಷಗಳ ಹಿಂದೆ ಮದುವೆ ನೋಂದಣಿ ಕಚೇರಿಯ ಮುಂದೆ ಸಂಜೆವರೆಗೂ ಅವಳಿಗಾಗಿ ಕಾದು, ಒಬ್ಬನೇ ಹಿಂದಿರುಗಿದವನು. ಈಗ ಸ್ನಾತಕೋತ್ತರ ಪ್ರವೇಶದ ಅರ್ಜಿ ಪರಿಶೀಲಿಸುವ ಗುಮಾಸ್ತ. ಇವತ್ತು ಕೊನೆಯ ದಿನ. ನಾಲ್ಕಕ್ಕೆ ಕೌಂಟರ್ ಮುಚ್ಚುತ್ತದೆ; ಗಂಟೆ ಮೂರಾಗಿತ್ತು.

ಅವನು ಅವಳ ರೆಸ್ಯೂಮೆಯನ್ನು ಹೊರಗೆ ತಳ್ಳಿದ.

"ಕೌಶಲಗಳ ಪ್ರಕಾರ ಬರೆದಿದ್ದು ಬೇಡ. ಯಾವ ವರ್ಷ ಏನ್ ಮಾಡಿದ್ರಿ, ತಾರೀಕಿನ ಪ್ರಕಾರ ಬರ್ಕೊಂಡ್ ಬನ್ನಿ."

ಅವಳು ಹಾಳೆಯನ್ನು ಎತ್ತಿಕೊಂಡಳು. ಎರಡು ವಾರ ಯೋಚಿಸಿ ಆಯ್ದುಕೊಂಡ ರೂಪ ಅದು. ಪ್ರಯೋಗಾಲಯದ ಅನುಭವ ಮೇಲೆ, ವರ್ಷಗಳು ಕೊನೆಯಲ್ಲಿ ಒಂದೇ ಸಾಲು. ನಡುವಿನ ಖಾಲಿ ಯಾರ ಕಣ್ಣಿಗೂ ಬೀಳಬಾರದಿತ್ತು.

"ಯಾಕೆ, ಮೂರು ವರ್ಷ ಮುಚ್ಚಿಡೋ ಹಾಗಿತ್ತಾ? ಗಂಡನ ಮನೇಲಿ ಕೌಶಲ ಕಲೀತಿದ್ರಾ?"

ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

'ಅಳಬೇಡ... ಇವನ ಮುಂದೆ ಮಾತ್ರ ಅಳಬೇಡ!'

ಅವಳು ಎದುರಿನ ಜೆರಾಕ್ಸ್ ಅಂಗಡಿಗೆ ಓಡಿ, ತಾರೀಕಿನ ಪ್ರಕಾರ ಹೊಸ ಹಾಳೆ ಟೈಪ್ ಮಾಡಿಸಿದಳು. ಮರಳಿ ಸಾಲು ನಿಂತು ಕಿಟಕಿ ತಲುಪುವಷ್ಟರಲ್ಲಿ ಮೂರು ಐವತ್ತು. ಅವಳ ಹಿಂದೆ ಯಾರೂ ಉಳಿದಿರಲಿಲ್ಲ.

ಅವನ ಬೆರಳು ಒಂದೊಂದೇ ಸಾಲು ಇಳಿದು, ಒಂದೆಡೆ ನಿಂತಿತು.

'ಪಾರ್ಶ್ವವಾಯು ಪೀಡಿತ ತಂದೆಯ ಆರೈಕೆ: ಮೂರು ವರ್ಷ, ಹನ್ನೊಂದು ದಿನ.' ಪಕ್ಕದಲ್ಲಿ ಆರಂಭದ ತಾರೀಕು.

"ಈ ತಾರೀಕು..."

"ಹೌದು, ಅವತ್ತೇ. ನಾನು ರೆಡಿಯಾಗಿ ಚಪ್ಪಲಿ ಹಾಕ್ಕೋತಿದ್ದೆ. ಅಪ್ಪ ಬಚ್ಚಲಲ್ಲಿ ಬಿದ್ರು."

"ಒಂದ್ ಮಾತು ಹೇಳ್ಬಹುದಿತ್ತಲ್ವಾ?"

ಅವಳು ಅಂಕಪಟ್ಟಿಗಳ ನಡುವೆ ಮೂರು ವರ್ಷದಿಂದ ಇಟ್ಟುಕೊಂಡಿದ್ದ ಒಂದು ಲಕೋಟೆ ತೆಗೆದು ಗಾಜಿಗೆ ಒತ್ತಿ ಹಿಡಿದಳು. ಒಡೆಯದ ಲಕೋಟೆ. ವಿಳಾಸ ಅವಳ ಅಕ್ಷರದಲ್ಲಿತ್ತು. ಅದರ ಮೇಲೆ ಅಡ್ಡಲಾಗಿ 'ಬೇಡ, ವಾಪಸ್ ಕಳಿಸಿ' ಎಂದು ಅವನ ಅಕ್ಷರ.

"ಆಸ್ಪತ್ರೆಯಿಂದ ಬರ್ದಿದ್ದೆ. ಎಷ್ಟ್ ಸಲ ಫೋನ್ ಮಾಡಿದ್ರೂ ನೀವು ಎತ್ತಲಿಲ್ಲ."

ಅವನು ತನ್ನದೇ ಅಕ್ಷರವನ್ನು ಮತ್ತೆ ಓದಿದ.

"ರೆಸ್ಯೂಮೆ ಎರಡು ರೂಪದಲ್ಲೂ ನಡೆಯುತ್ತೆ..." ಎಂದ ಕೊನೆಗೆ. "ನಾನ್ ಸುಳ್ಳು ಹೇಳ್ದೆ. ಆ ಮೂರು ವರ್ಷ ನೀನ್ ಯಾರ ಜೊತೆ ಇದ್ದೆ ಅಂತ ನೋಡ್ಬೇಕಿತ್ತು. ಒಂದು ದಿನಾನೂ ನಿನ್ನ ಮರೆಯೋಕಾಗ್ಲಿಲ್ಲ."

"ನೋಡಿದ್ರಲ್ಲ. ಸಮಾಧಾನ ಆಯ್ತಾ?"

"ಅಪ್ಪ ಈಗ..."

"ಹೋದ ತಿಂಗಳು ಹೋದ್ರು. ಮುಗಿದ ತಾರೀಕೂ ಅಲ್ಲೇ ಇದೆ, ಓದಿ."

ಅವನು ಹೊಸ ಹಾಳೆಯನ್ನು ಹೊರಗೆ ಚಾಚಿದ. "ಮೊದಲಿನ ಹಾಳೇನೇ ಕೊಡು, ಅದನ್ನೇ ಸೇರಿಸ್ತೀನಿ."

"ಬೇಡ. ಅಪ್ಪನ್ನ ಮುಚ್ಚಿಡೋಕೆ ಹೊರಟಿದ್ದೆ, ನಾಚಿಕೆ ಆಗ್ಬೇಕು ನಂಗೆ. ಇದೇ ಇರ್ಲಿ."

ನಾಲ್ಕಕ್ಕೆ ಎರಡು ನಿಮಿಷ ಇರುವಾಗ ಮೊಹರು ಬಿತ್ತು.

"ಸೂಜಿ..." ಮೊನಚು ಮಾತಿಗಾಗಿ ಅವನೇ ಇಟ್ಟ ಹೆಸರು. "ಆ ಕಾಗದ... ಈಗ ಓದ್ಲಾ?"

"ಮೊದಲು ರಸೀದಿ ಕೊಡು."

ಕೊಟ್ಟ. "ಆಮೇಲೆ?"

ಅವಳು ಲಕೋಟೆಯನ್ನು ಎದೆಗೊತ್ತಿಕೊಂಡಳು. ಅಷ್ಟು ಹೊತ್ತು ತಡೆದದ್ದು ಈಗ ಕೆನ್ನೆಗಿಳಿಯಿತು.

"ಹೊರಗೆ ಬಾ. ನಾನೇ ಓದ್ತೀನಿ. ಒಂದಕ್ಷರ ಬಿಡದೆ, ನಿಂತ್ಕೊಂಡು ಕೇಳ್ಬೇಕು."

"ಎಷ್ಟ್ ಹೊತ್ತಾದ್ರೂ ನಿಲ್ತೀನಿ."

"ಗೊತ್ತು ಕಣೋ... ಅವತ್ತೂ ನಿಂತಿದ್ದೆ ಅಲ್ವಾ."