ಬೇರೆ ಒಲೆ

ದಸರೆ ಮುಗಿದು ಮರಾಠಿ ಸೀಮೆಯ ಖಡಕಿಯ ಸಂಜೆಗಳಿಗೆ ತೆಳ್ಳಗೆ ಚಳಿ ಹತ್ತುತ್ತಿದ್ದಂತೆ ಚನ್ನಬಸವ್ವನ ಖಾನಾವಳಿಯ ಊಟ ಬದಲಾಗುತ್ತಿತ್ತು. ಮಳೆಗಾಲದ ತಿಳಿಸಾರು ಹೋಗಿ ಹುರುಳಿಕಟ್ಟಿನ ಸಾರು ಬರುತ್ತಿತ್ತು. ಮೊಳಕೆಯೊಡೆದ ಮಡಿಕೆಕಾಳಿನ ಉಸಳಿ, ಬೆಳ್ಳುಳ್ಳಿ ಒಗ್ಗರಣೆಯ ಕಡಲೆಹಿಟ್ಟಿನ ಜುಣಕ, ಶೇಂಗಾ ಹಿಂಡಿ, ಕೈ ಸುಡುವ ಜೋಳದ ರೊಟ್ಟಿ. ಫ್ಯಾಕ್ಟರಿ ಬಿಟ್ಟು ಸೈಕಲ್ ಮೇಲೆ ಬರುವ ಬೆಳಗಾವಿ, ಧಾರವಾಡದ ಕಡೆಯ ಮಂದಿ ಓಣಿಯ ತಿರುವಿನಲ್ಲೇ ವಾಸನೆ ಹಿಡಿಯುತ್ತಿದ್ದರು. ಚಳಿಗಾಲ ಬರುವುದರೊಳಗೆ ಮೈ ಗಟ್ಟಿಯಾಗಬೇಕು, ಮೈ ಗಟ್ಟಿಯಾಗುವುದು ಕಾಳಿನಿಂದ. ಇದು ಚನ್ನಬಸವ್ವನ ನಂಬಿಕೆ.

ಅಂಥ ಉಸಳಿಯನ್ನು ಶಿವಪ್ರಕಾಶ ತಾಟಿನ ಅಂಚಿಗೆ ಸರಿಸಿ ಕೂತಿದ್ದ.

ಬಡಿಸುತ್ತ ಬಂದ ತ್ರಿವೇಣಿ ಅಲ್ಲೇ ನಿಂತಳು. ಚನ್ನಬಸವ್ವನ ಒಬ್ಬಳೇ ಮಗಳು ಅವಳು. ಇಪ್ಪತ್ತೆಂಟು ತುಂಬಿತ್ತು, ಗಂಡು ತೋರಿಸುವವರು ಈಚೆಗೆ ಆ ಮನೆಯ ದಾರಿ ಮರೆತಿದ್ದರು.

"ಯಾಕ್ರಿ, ಉಸಳಿ ಮ್ಯಾಲೆ ಸಿಟ್ಟೇನು?"

"ಸಿಟ್ಟಿಲ್ರಿ. ಹೊಟ್ಟಿ ತುಂಬೇದ."

"ಒಂದ್ ರೊಟ್ಟಿಗೇ?"

"ಬಡಿಸೋರ ಮಾರಿ ನೋಡಿದ್ರ ಅರ್ಧಾ ಹೊಟ್ಟಿ ತುಂಬತದ್ರಿ."

"ಹಂಗಾದ್ರ ನಾಳೆ ಬರೇ ಮಾರಿ ಬಡಸ್ತೀನಿ, ಬರ್ರಿ."

ಅವನು ನಕ್ಕ. ನಗುವಾಗ ಅವನ ಕಣ್ಣು ಮೊದಲು ನಗುತ್ತಿತ್ತು, ತುಟಿ ಆಮೇಲೆ. ಖಡಕಿ ಬಜಾರಿನ ಒಂದು ಅಂಗಡಿಯಲ್ಲಿ ಗುಮಾಸ್ತ, ನವಲಗುಂದದ ಕಡೆಯವನು, ನಾಲ್ಕು ವರ್ಷದಿಂದ ರಾತ್ರಿಯೂಟ ಇಲ್ಲೇ. ಕಿಟಕಿ ಪಕ್ಕದ ಆ ಜಾಗದಲ್ಲಿ ಬೇರೆ ಯಾರಾದರೂ ಕೂತರೆ ತ್ರಿವೇಣಿ ಅವರಿಗೆ ಸಾರು ತಡವಾಗಿ ತರುತ್ತಿದ್ದಳು. ಅದು ಅವಳಿಗೂ ಗೊತ್ತಿರಲಿಲ್ಲ. ಪಾತ್ರೆ ತೊಳೆಯುವ ರಂಗೂಬಾಯಿಗೆ ಮಾತ್ರ ಗೊತ್ತಿತ್ತು.

ಮರುದಿನವೂ ಅವನು ಕಾಳು ಬಿಟ್ಟ. ಅದರ ಮರುದಿನ ಸಾರು ಮುಟ್ಟಲಿಲ್ಲ. ಅಂಗಿಯ ಕಾಲರಿನೊಳಗೆ ಕುತ್ತಿಗೆ ಸಣ್ಣಗಾಗಿತ್ತು. ತ್ರಿವೇಣಿಗೆ ಮೊದಲು ಅವಮಾನವಾಯಿತು, ಆಮೇಲೆ ಭಯ.

"ಅವ್ವಾ, ಅವರು ಒಣಗಾಕತ್ತಾರ."

"ತಿನ್ನದವರು ಒಣಗದ ಏನ್ ಮಾಡ್ತಾರ?" ಚನ್ನಬಸವ್ವ ರೊಟ್ಟಿ ಬಡಿಯುತ್ತಲೇ ಅಂದಳು.

ಆ ದಿನದಿಂದ ಅವನ ರೊಟ್ಟಿಯ ಹಿಟ್ಟನ್ನು ತ್ರಿವೇಣಿ ಬೇರೆಯೇ ನಾದಿದಳು. ಜೋಳದ ಹಿಟ್ಟಿಗೆ ಒಂದು ಮುಷ್ಟಿ ಕಡಲೆಹಿಟ್ಟು. ಮಜ್ಜಿಗೆಗೆ ಹುರಿದ ಹುರುಳಿಯ ನುಣ್ಣನೆ ಪುಡಿ. ಬದನೆಕಾಯಿ ಪಲ್ಯದಲ್ಲಿ ಕಾಣದಷ್ಟು ಅರೆದ ಶೇಂಗಾ. ಅವನಿಗೆ ಹಾಕುವ ಮೊದಲು ರೊಟ್ಟಿಯನ್ನು ಮೂಗಿನ ಹತ್ತಿರ ಹಿಡಿದು ವಾಸನೆ ನೋಡುತ್ತಿದ್ದಳು. ಅವನು ರೊಟ್ಟಿ ಮುರಿದು ಬಾಯಿಗಿಟ್ಟು, ಒಂದು ಗಳಿಗೆ ಅವಳತ್ತ ನೋಡಿ, ಮತ್ತೊಂದು ತುತ್ತು ಮುರಿಯುತ್ತಿದ್ದ. ಆ ನೋಟ ಅವಳ ಜೊತೆ ಒಳಗಿನ ತನಕ ಬರುತ್ತಿತ್ತು.

ದೀಪಾವಳಿಗೆ ಇನ್ನೂ ವಾರವಿದ್ದಾಗ ಅವನ ಗಲ್ಲ ತುಂಬಿದವು. ಕಣ್ಣಿನ ಕೆಳಗಿನ ಗುಳಿ ಮುಚ್ಚಿತು. ತ್ರಿವೇಣಿ ಒಳಗೆ ಓಡಿ ಬಂದು ಅವ್ವನ ಹಿಟ್ಟಿನ ಕೈ ಹಿಡಿದಳು.

"ನೋಡವ್ವಾ, ಮಾರಿ ಹೆಂಗ ತುಂಬೇದ!"

ಚನ್ನಬಸವ್ವ ಬಾಗಿಲಿನಿಂದ ಇಣುಕಿದಳು. "ಹೌದ್ ನೋಡು. ನಮ್ಮ ಕಾಳಿನ ಗುಣ ಅದು."

ತಾಯಿ ಮಗಳು ಇಬ್ಬರೂ ನಕ್ಕರು. ಆ ನಗುವನ್ನು ತ್ರಿವೇಣಿ ಆಮೇಲೆ ಎಷ್ಟೋ ಸಲ ನೆನೆದು ನಡುಗಿದಳು.

ಯಾಕೆಂದರೆ ಅವನ ಗಲ್ಲದಲ್ಲಿ ತುಂಬಿದ್ದು ಮಾಂಸವಲ್ಲ, ಬಾವಿನ ನೀರು.

ಕಿಟಕಿಯ ಜಾಗ ಎರಡು ಸಂಜೆ ಖಾಲಿ ಉಳಿಯಿತು. ಮೂರನೆಯ ಸಂಜೆ ಡಬ್ಬಿ ಕಟ್ಟಿಕೊಂಡು ತ್ರಿವೇಣಿ ಅವನ ಕೋಣೆಗೆ ಹೋದಳು. ಬಾಗಿಲಿಗೆ ಬೀಗ. ಪಕ್ಕದ ಮನೆಯವರು ಆಸ್ಪತ್ರೆಯ ಹೆಸರು ಹೇಳಿದರು. ಅಂಗಡಿಯಲ್ಲೇ ಬಿದ್ದನಂತೆ, ಉಸಿರು ಸಿಗದೆ.

ಆಸ್ಪತ್ರೆಯಲ್ಲಿ ಅವನ ಕುತ್ತಿಗೆಗೆ ನಳಿಗೆ ಹಾಕಿ ಪಟ್ಟಿ ಅಂಟಿಸಿದ್ದರು. ಪಕ್ಕದಲ್ಲಿ ಒಂದು ಯಂತ್ರ. ಅವನ ರಕ್ತ ಅದರೊಳಗೆ ಹೋಗಿ ತೊಳೆದುಕೊಂಡು ಮರಳಿ ಬರುತ್ತಿತ್ತು. ಊರಿನಿಂದ ಬಂದ ಅಣ್ಣ ಒಂದು ದಿನ ಇದ್ದು, ಹೊಲದ ಕೆಲಸವಿದೆಯೆಂದು ಹೋಗಿದ್ದ.

ಡಾಕ್ಟರು ನಡುವಯಸ್ಸಿನ ಹೆಂಗಸು. ಮರಾಠಿಯಲ್ಲಿ ಕೇಳಿದರು: ನೀವು ಮನೆಯವರಾ? ಇವರು ಏನು ತಿನ್ನುತ್ತಿದ್ದರು? ಬೇಳೆ, ಕಾಳು ಕಡಿಮೆ ಮಾಡಿ ಅಂತ ಬೇಸಿಗೆಯಲ್ಲೇ ಹೇಳಿದ್ದೆನಲ್ಲ?

ತ್ರಿವೇಣಿ ಹೇಳಿದಳು. ಕಡಲೆಹಿಟ್ಟು, ಹುರುಳಿ ಪುಡಿ, ಶೇಂಗಾ. ಹೇಳುತ್ತ ಹೇಳುತ್ತ ಅವಳ ದನಿ ಇಳಿಯಿತು. ಡಾಕ್ಟರು ಕೈಯಲ್ಲಿದ್ದ ಕಾಗದ ಮಡಚಿಟ್ಟರು. ಕಿಡ್ನಿ ಮೊದಲೇ ಕೆಟ್ಟಿದ್ದವು, ಇವತ್ತಲ್ಲ ನಾಳೆ ಈ ದಿನ ಬರುತ್ತಿತ್ತು ಅಂದರು. ನಿಮ್ಮ ಊಟದಿಂದ ಬೇಗ ಬಂತೋ ಇಲ್ಲವೋ ನನಗೆ ಹೇಳಲಾಗುವುದಿಲ್ಲ.

ಬಯ್ದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ಇನ್ನು ಮೇಲೆ ಲೆಕ್ಕ ತಿರುವುಮುರುವು, ಅಂದರು ಡಾಕ್ಟರು. ಯಂತ್ರ ರಕ್ತ ತೊಳೆಯುವಾಗ ಮೈಯ ಸತ್ವವನ್ನೂ ಎಳೆದುಕೊಳ್ಳುತ್ತದೆ. ಈಗ ಇವರಿಗೆ ಪ್ರೋಟೀನ್ ಬೇಕು, ಚೆನ್ನಾಗಿ ಬೇಕು. ಕಾಳು ಅಳತೆಯಲ್ಲಿ. ಶೇಂಗಾ ಬೇಡ, ಉಪ್ಪು ಕಡಿಮೆ, ನೀರು ಅಳೆದು. ದಿನಾ ಮೊಟ್ಟೆಯ ಬಿಳಿ ಕೊಡಿ.

ತ್ರಿವೇಣಿ ಬೆಚ್ಚಿ ಮೇಲೆ ನೋಡಿದಳು. "ತತ್ತಿ?"

ಅವಳು ಹಾಸಿಗೆಯ ಹತ್ತಿರ ಬಂದಾಗ ಶಿವಪ್ರಕಾಶನಿಗೆ ಎಚ್ಚರವಿತ್ತು. ಅವಳು ಕೂರಲಿಲ್ಲ.

"ನಾ ನಿಮ್ಮ ರೊಟ್ಟಿಯೊಳಗ ಕಡ್ಲಿಹಿಟ್ಟು ಹಾಕ್ತಿದ್ದೆ."

"ಗೊತ್ತಿತ್ರಿ."

"ಏನು?"

"ಹುಟ್ಟಿದಾಗಿಂದ ಜ್ವಾಳದ ರೊಟ್ಟಿ ತಿಂದಾಂವ ಅದೀನಿ. ಬಾಯಿಗೆ ತಿಳಿಯಂಗಿಲ್ಲೇನ್ರಿ? ಮೊದಲನೇ ದಿನಾನೇ ತಿಳೀತು."

"ಡಾಕ್ಟರು ಬ್ಯಾಡಂದಿದ್ದೂ ಗೊತ್ತಿತ್ತು?"

ಅವನು ಹೌದೆಂದು ಕಣ್ಣು ಮುಚ್ಚಿ ತೆರೆದ.

"ಗೊತ್ತಿದ್ದೂ ಯಾಕ ತಿಂದ್ರಿ?"

"ನನ್ನ ಸಲುವಾಗಿ ಬ್ಯಾರೆ ಹಿಟ್ಟು ನಾದೋರು ಯಾರೂ ಇದ್ದಿಲ್ರಿ," ಅಂದ ಅವನು, ಸೂರಿನತ್ತ ನೋಡುತ್ತ. "ಬ್ಯಾಡ ಅನ್ನಬೇಕಂದ್ರ ಜಡ್ಡಿನ ಸುದ್ದಿ ಹೇಳಬೇಕಿತ್ತು. ಹೇಳಿದ್ರ ನೀವು ಅಯ್ಯೋ ಪಾಪ ಅನ್ನೋ ಮಾರೀಲೆ ಬಡಸ್ತಿದ್ರಿ. ಆ ಮಾರಿ ನನಗ ಬೇಕಾಗಿರಲಿಲ್ಲ."

ತ್ರಿವೇಣಿಯ ಮುಖ ಕೆಂಪಾಯಿತು. ಪ್ರೀತಿಯಿಂದಲ್ಲ, ಸಿಟ್ಟಿನಿಂದ. "ಭಾಳ ಚಂದ ಮಾತಾಡ್ತೀರಿ. ನನ್ನ ಕೈಲೇ ವಿಷಾ ತಿಂದು ಸುಮ್ಮ ಹೊಂಟಿದ್ರಿ. ಆಮ್ಯಾಲೆ ನಾ ಈ ಕೈ ಎಲ್ಲಿ ಇಟಗೋಬೇಕಿತ್ತು? ಅದನ್ನ ವಿಚಾರ ಮಾಡಿದ್ರ್ಯಾ?"

ಅವನು ಅವಳ ಕೈಗಳನ್ನು ನೋಡಿದ. ಹೆಂಚಿನ ಬಿಸಿಗೆ ಬೆರಳ ತುದಿಗಳು ಒರಟಾಗಿದ್ದವು.

"ಮಾಡಲಿಲ್ಲ," ಅಂದ ಮೆಲ್ಲಗೆ. "ತಪ್ಪಾತು."

ಯಂತ್ರ ತನ್ನಷ್ಟಕ್ಕೆ ಗುಂಯ್‌ಗುಡುತ್ತಿತ್ತು. ಅವನೇ ಮತ್ತೆ ಅಂದ: "ದೀಪಾವಳಿಗೆ ನಿಮ್ಮವ್ವಾರ್ನ ಒಂದ್ ಮಾತು ಕೇಳಬೇಕಂತ ಮಾಡಿದ್ದೆ. ಹ್ವಾದ ವರ್ಷದ ಮಾತದು, ಜಡ್ಡು ಗೊತ್ತಾಗೂಕಿಂತ ಮೊದಲಿಂದು."

"ಕೇಳ್ರಿ."

"ಈಗೇನ್ ಕೇಳ್ಲಿ?"

"ಆಗ ಏನ್ ಕೇಳಾವರಿದ್ರಿ, ಅದನ್ನೇ."

ಅವನ ಕಣ್ಣು ನಗಲು ಹೋಗಿ ತುಂಬಿಕೊಂಡಿತು.

ಆದರೆ ಚನ್ನಬಸವ್ವನನ್ನು ಕೇಳಿದವಳು ತ್ರಿವೇಣಿಯೇ. ಊಟದ ಮಂದಿ ಬರುವ ಮೊದಲು, ಒಲೆಯ ಮುಂದೆ, ಮದುವೆಯ ಮಾತನ್ನೂ ತತ್ತಿಯ ಮಾತನ್ನೂ ಒಟ್ಟಿಗೇ.

"ತತ್ತೀನ?" ಚನ್ನಬಸವ್ವನ ಕೈಯಲ್ಲಿದ್ದ ಹಿಟ್ಟಿನ ಉಂಡೆ ಪರಾತಕ್ಕೆ ಬಿತ್ತು. "ಹೊರಗ ಲಿಂಗಾಯತ ಖಾನಾವಳಿ ಅಂತ ಬೋರ್ಡ್ ಬರಸ್ಯಾನ ನಿಮ್ಮಪ್ಪ. ಈ ಒಲಿ ಮ್ಯಾಲೆ ತತ್ತಿ ಏರಂಗಿಲ್ಲ."

"ಏರಸಂಗಿಲ್ಲವ್ವ. ಅವರ ಕೋಣ್ಯಾಗ ಬ್ಯಾರೆ ಒಲಿ ಹೂಡ್ತೀನಿ."

"ಒಲಿ ಬ್ಯಾರೆ ಆತಂದ್ರ ಮನಿ ಬ್ಯಾರೆ ಆತು. ತಿಳದು ಮಾತಾಡ್ತಿಯೇನು?"

"ತಿಳದೇ ಮಾತಾಡಾಕತ್ತೀನಿ."

ಚನ್ನಬಸವ್ವ ಮಗಳ ಮುಖ ನೋಡಿದಳು. ದನಿ ಕುಸಿಯಿತು. "ಅಂವಾ ಎಷ್ಟ್ ವರ್ಷ ಇರ್ತಾನ?"

"ಗೊತ್ತಿಲ್ಲ. ಡಾಕ್ಟರೂ ಹೇಳಲಿಲ್ಲ."

"ನಿಮ್ಮಪ್ಪ ಹ್ವಾದ ಮ್ಯಾಲೆ ನಾ ಹೆಂಗ ಬದುಕೀನಿ ಅನ್ನೂದು ನೀ ನೋಡೀಯಲ್ಲ."

"ನೋಡೀನಿ. ನೀ ಅಪ್ಪನ್ನ ಮಾಡಿಕೊಂಡಿದ್ದಕ್ಕ ಒಂದಿನಾನೂ ಅತ್ತಿಲ್ಲ. ಅದನ್ನೂ ನೋಡೀನಿ."

ಚನ್ನಬಸವ್ವ ಒಲೆಯ ಕಡೆ ತಿರುಗಿದಳು. ಆ ಸಂಜೆಯ ರೊಟ್ಟಿಗಳೆಲ್ಲ ಒಂದು ಮಗ್ಗುಲು ಕರಕಾದವು. ತಿನ್ನಲು ಬಂದವರು ಕರಕನ್ನು ಕೆರೆದು ತಿಂದರು.

ಶಿವಪ್ರಕಾಶ ಕೋಣೆಗೆ ಮರಳಿದ ಮೇಲೆ ತ್ರಿವೇಣಿ ಸೀಮೆಎಣ್ಣೆ ಸ್ಟೋವ್, ಒಂದು ಬಾಣಲೆ, ಒಂದು ಸೌಟು ಒಯ್ದಳು. ಜೊತೆಗೆ ರಂಗೂಬಾಯಿ. ಜನ ಬಾಯಿಗೆ ಬಂದಂತೆ ಆಡಬಾರದೆಂದು ಅವಳು ಹೊಸ್ತಿಲಿನ ಮೇಲೆ ಕೂತಳು. ತತ್ತಿ ಒಡೆಯುವುದನ್ನು ಕಲಿಸುವವಳೂ ಅವಳೇ. ಮೊದಲನೆಯದು ತ್ರಿವೇಣಿಯ ಕೈಯಲ್ಲೇ ಪುಡಿಯಾಗಿ, ಬೆರಳ ಸಂದಿನಿಂದ ಜಾರಿತು. ಅವಳು ಕಣ್ಣು ಮುಚ್ಚಿ ನಿಂತುಬಿಟ್ಟಳು.

"ಅಗ ವೇಡೇ, ಹುಚ್ಚಿ, ಕಣ್ಣು ಮುಚ್ಚಿದ್ರೆ ಹಳದಿ ಬಿಳಿ ಹ್ಯಾಗೆ ಗೊತ್ತಾಗ್ತದೆ?" ರಂಗೂಬಾಯಿ ತನ್ನ ಅರ್ಧ ಮರಾಠಿ ಕನ್ನಡದಲ್ಲಿ ಗದರಿದಳು. ಎರಡನೆಯದನ್ನು ಅವಳ ಕೈ ಹಿಡಿದು ಒಡೆಸಿದಳು. ಬಿಳಿ ಬಾಣಲೆಗೆ, ಹಳದಿ ರಂಗೂಬಾಯಿಯ ಬಟ್ಟಲಿಗೆ.

ಜುಣಕಕ್ಕೆ ಹಾಕುವ ಒಗ್ಗರಣೆಯನ್ನೇ ತ್ರಿವೇಣಿ ಹಾಕಿದ್ದಳು. ಸಾಸಿವೆ, ಜೀರಿಗೆ, ಉಳ್ಳಾಗಡ್ಡಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ. ಉಪ್ಪು ಚಿಟಿಕೆಯಷ್ಟು. ಹೊರಡುವಾಗ ಅವ್ವ ರಂಗೂಬಾಯಿಯ ಕೈಗಿಟ್ಟ ಅರಿವೆಯ ಗಂಟಿನಲ್ಲಿ ರೊಟ್ಟಿಗಳಿದ್ದವು. ತ್ರಿವೇಣಿ ಒಂದನ್ನು ಮುರಿದು ನೋಡಿದಳು: ಬರೀ ಜೋಳ, ಇನ್ನೂ ಬೆಚ್ಚಗೆ.

ಶಿವಪ್ರಕಾಶ ತಾಟನ್ನು ನೋಡುತ್ತ ಕೂತ. ಅವನ ಕೈ ಅಂಗಿಯ ಮೇಲೆ, ಎದೆಯಲ್ಲಿ ಕಟ್ಟಿದ ಲಿಂಗದ ಹತ್ತಿರ ಹೋಯಿತು.

"ಇದನ್ನ ತಿಂದು ನಾಳೆ ಪೂಜಾ ಹೆಂಗ ಮಾಡ್ಲಿ?"

"ಉಸಿರಿದ್ರ ಅಲ್ಲೇನ್ರಿ ಪೂಜಾ?"

"ಜುಣಕಾ ಅಂತನಾದ್ರೂ ಹೇಳ್ರಿ. ಜುಣಕಾ ಅಂತ ತಿಳಕೊಂಡು ನುಂಗ್ತೀನಿ."

"ಅನ್ನಂಗಿಲ್ಲ," ಅಂದಳು ತ್ರಿವೇಣಿ. "ಇನ್ನ ಮ್ಯಾಲೆ ನಿಮ್ಮ ತಾಟಿನ್ಯಾಗ ನಾ ಏನೂ ಮುಚ್ಚಿಡಂಗಿಲ್ಲ. ನೀವೂ ಏನೂ ಗೊತ್ತಿಲ್ಲದಂಗ ತಿನ್ನಂಗಿಲ್ಲ. ಇದು ತತ್ತಿ."

ಅವನು ಅಲುಗಲಿಲ್ಲ. ಅವಳು ಅವನ ತಾಟಿನಿಂದಲೇ ರೊಟ್ಟಿಯ ಚೂರು ಮುರಿದು, ಬಿಳಿಯದನ್ನು ಹಿಡಿದು ತನ್ನ ಬಾಯಿಗೆ ಇಟ್ಟುಕೊಂಡಳು.

"ಏ, ನೀವ್ಯಾಕ..." ಅವನು ಅರ್ಧ ಎದ್ದ.

ಅಗಿದಳು. ಸೆರಗಿನಿಂದ ಬಾಯಿ ಒತ್ತಿ ಹಿಡಿದಳು. ಕಣ್ಣಲ್ಲಿ ನೀರು ಉಕ್ಕಿತು. ಉಗುಳಲಿಲ್ಲ. ನೀರಿಗಾಗಿ ಸುತ್ತ ನೋಡಿದಳು. ಹತ್ತಿರದಲ್ಲಿದ್ದದ್ದು ಅವನ ಲೋಟ, ನಾಳೆ ಬೆಳಗಿನ ತನಕ ಅವನಿಗೆ ಅಳೆದಿಟ್ಟ ನೀರು. ಮಧ್ಯಾಹ್ನದಿಂದ ಅವನು ಅದನ್ನು ಹನಿಹನಿಯಾಗಿ ಉಳಿಸಿಕೊಂಡು ಬಂದಿದ್ದ. ತುಟಿ ಒಡೆದು ಬಿಳಿಚಿಕೊಂಡಿದ್ದವು.

ಅವನು ಲೋಟ ಎತ್ತಿ ಅವಳ ಮುಂದೆ ಹಿಡಿದ.

"ಕುಡಿ," ಅಂದ. ಈ ನಾಲ್ಕು ವರ್ಷದಲ್ಲಿ ರೀ ಇಲ್ಲದೆ ಅವಳಿಗೆ ಆಡಿದ ಮೊದಲ ಮಾತು ಅದು.

ಅವಳು ಬೇಡವೆಂದು ತಲೆಯಾಡಿಸಿದಳು.

"ಕುಡಿ ತ್ರಿವೇಣಿ."

ಅವಳು ಒಂದು ಗುಟುಕು ತೆಗೆದುಕೊಂಡಳು, ಒಂದೇ. ಬಾಯಲ್ಲಿದ್ದದ್ದು ಇಳಿಯಿತು. ಅವನು ಅವಳ ಗಂಟಲನ್ನೇ ನೋಡುತ್ತಿದ್ದ, ಆ ಗುಟುಕು ತನ್ನ ಗಂಟಲಲ್ಲೇ ಇಳಿದಂತೆ. ಆಮೇಲೆ ಲೋಟ ಕೆಳಗಿಟ್ಟು, ರೊಟ್ಟಿ ಮುರಿದು, ಕಣ್ಣು ಮುಚ್ಚದೆ ಮೊದಲ ತುತ್ತು ನುಂಗಿದ.

"ಹೆಂಗದ?"

"ಭಾಳ ಕೆಟ್ಟದ."

"ನಾಳೆ ಬೆಳ್ಳುಳ್ಳಿ ಜಾಸ್ತಿ ಹಾಕ್ತೀನಿ."

ಹೊಸ್ತಿಲಿನ ಮೇಲೆ ರಂಗೂಬಾಯಿ ಬೆನ್ನು ತಿರುಗಿಸಿ ಕೂತು ಮೂಗು ಒರೆಸಿಕೊಂಡಳು. ಓಣಿಯಲ್ಲಿ ಯಾರದೋ ಮನೆಯ ಆಕಾಶಬುಟ್ಟಿ ಗಾಳಿಗೆ ಅಲುಗುತ್ತಿತ್ತು. ಹಬ್ಬ ಮುಗಿದು ದಿನಗಳಾಗಿದ್ದರೂ ಇಳಿಸಿರಲಿಲ್ಲ. ಒಳಗೆ ಸ್ಟೋವಿನ ಸದ್ದು ನಿಂತಿತು. ಅವನು ಎರಡನೆಯ ತುತ್ತು ಮುರಿದ.

ಲೋಟದಲ್ಲಿ ಉಳಿದ ನೀರನ್ನು ಇಬ್ಬರೂ ಒಮ್ಮೆ ನೋಡಿದರು. ಬೆಳಗಿನ ತನಕ ಅಷ್ಟೇ ಇತ್ತು.