ತಂತಿಯ ತುದಿಯ ಉಂಗುರ

"ಫಿಲ್ಟರ್ ಕೈಗೆ ಸಿಗೋ ಹಾಗೆ ಮಾಡಿದ್ದೇ ತಪ್ಪಾಯ್ತು ಸರ್. ಅಪ್ಪನ ಪ್ರಾಣ ಹೋಯ್ತು. ಈಗ ನಾನೇ ಕೊಂದೆ ಅಂತಿದಾರೆ," ಎಂದು ಹುಡುಗಿ ಬಿಕ್ಕಿದಳು.

ಊರೆಲ್ಲ ದುರ್ಬೀನು ಎಂದು ಕರೆಯುವ ಪತ್ತೇದಾರರು ಕುರ್ಚಿಯಲ್ಲಿ ಅಲುಗಲಿಲ್ಲ. ಅವರ ಭಾವಮೈದುನ ಕಂಪೌಂಡರ್ ಎದ್ದು ಅವಳಿಗೆ ನೀರು ಕೊಟ್ಟ. ಅಳುವವರನ್ನು ಸಂತೈಸುವ ಖಾತೆ ಮೊದಲಿಂದಲೂ ಅವನದೇ.

ಅವಳ ಅಪ್ಪ, ಚಿಕ್ಕಪ್ಪ ಇಬ್ಬರೂ ವರ್ಷಗಟ್ಟಲೆ ಬೆವರು ಸುರಿಸಿ ಶೆಡ್ಡಿನಲ್ಲಿ ಪುಟ್ಟ ವಿಮಾನವೊಂದನ್ನು ಕಟ್ಟಿದ್ದರು. ಬಲರೆಕ್ಕೆ ಅಣ್ಣನ ಕೈಕೆಲಸ, ಎಡರೆಕ್ಕೆ ತಮ್ಮನದು. ಹಾರಿಸುವ ಮಾತು ಬಂದಾಗ ಅಣ್ಣ, "ಮೊದಲು ನಾನು, ಆಮೇಲೆ ಮಗಳು. ನೀನು ಸ್ಕ್ರೂ ಬಿಗಿಯೋಕಷ್ಟೇ ಲಾಯಕ್ಕು," ಎಂದುಬಿಟ್ಟ. ತಮ್ಮ ಅಂದೇ ಶೆಡ್ಡು ಬಿಟ್ಟು ಹೋದ. ಅದಾಗಿ ಒಂದು ತಿಂಗಳು.

ಪೆಟ್ರೋಲ್ ಫಿಲ್ಟರ್ ಸೀಟಿನ ಹಿಂದಿತ್ತು. ತೊಳೆಯಬೇಕೆಂದರೆ ಸೀಟನ್ನೇ ಕಳಚಬೇಕು. ಹಾರಾಟದ ಹಿಂದಿನ ದಿನ ಅಪ್ಪ ಮಗಳು ಸೇರಿ ಪಕ್ಕದಲ್ಲಿ ಸಣ್ಣ ಬಾಗಿಲು ಕೊರೆದು, ಹೊಸ ಫಿಲ್ಟರನ್ನು ಅಲ್ಲಿ ಕೂರಿಸಿದರು. ಬೆಳಿಗ್ಗೆ ಮತ್ತೊಮ್ಮೆ ತೊಳೆಯೋಣವೆಂದು ಅದರ ನಟ್ಟಿಗೆ ತಂತಿ ಸುತ್ತಿರಲಿಲ್ಲ. ತಂತಿ ಸುತ್ತಿದ್ದರೆ ಪರೀಕ್ಷೆ ಮುಗಿದಿದೆ ಎಂದರ್ಥ, ಇನ್ನು ಬಿಚ್ಚಬಾರದು. ಇದು ಆ ಶೆಡ್ಡಿನ ಕಟ್ಟಳೆ.

"ಬೆಳಿಗ್ಗೆ ತಂತಿ ಇತ್ತು ಸರ್. ಅಪ್ಪ ಕಟ್ಟಿದಾರೆ ಅಂದ್ಕೊಂಡೆ ನಾನು. ನಾನು ಕಟ್ಟಿದೀನಿ ಅಂತ ಅಪ್ಪ ಅಂದ್ಕೊಂಡು, ನನ್ನ ಬೆನ್ನು ತಟ್ಟಿ ವಿಮಾನ ಹತ್ತಿದ್ರು."

ನೆಲದ ಮೇಲೆ ಓಡುವಷ್ಟು ಪೆಟ್ರೋಲ್ ಹೇಗೋ ಜಿನುಗಿತ್ತು. ಮೇಲೇರುವಾಗ ಸಾಲದೆ ಎಂಜಿನ್ ನಿಂತು ವಿಮಾನ ನೆಲಕ್ಕಪ್ಪಳಿಸಿತು. ಪೊಲೀಸರು ಬಂದಾಗ ತಂತಿ ಬಿಚ್ಚಿಕೊಟ್ಟವಳು ಇವಳೇ. ಫಿಲ್ಟರ್ ತುಂಬ ಹತ್ತಿ ತುರುಕಲಾಗಿತ್ತು.

ಶೆಡ್ಡಿನಲ್ಲಿ ಕಂಪೌಂಡರ್ ಸುಮ್ಮನಿರಲಾರದೆ ಅಲ್ಲಿಗೆ ತಂದಿಟ್ಟಿದ್ದ ಮುರಿದ ಬಲರೆಕ್ಕೆಯ ನಟ್ಟುಗಳ ತಂತಿಯನ್ನು ಸವರಿ, ಬೆರಳು ಚುಚ್ಚಿಸಿಕೊಂಡು "ಅಯ್ಯಪ್ಪಾ!" ಎಂದ.

"ಎಡರೆಕ್ಕೆಯನ್ನೂ ಸವರು," ಎಂದರು ದುರ್ಬೀನು.

"ಇನ್ನೊಂದು ಬೆರಳೂ ಹೋಗ್ಲಿ ಅಂತಾನಾ ಭಾವ?" ಎನ್ನುತ್ತಲೇ ಸವರಿದ. ಚುಚ್ಚಲಿಲ್ಲ. ಫಿಲ್ಟರಿನಿಂದ ಬಿಚ್ಚಿಟ್ಟಿದ್ದ ತಂತಿಯೂ ಚುಚ್ಚಲಿಲ್ಲ.

ದುರ್ಬೀನು ಹುಡುಗಿಯತ್ತ ತಿರುಗಿದರು. "ತಂತಿ ಸುತ್ತೋದು ಯಾರ ಹತ್ರ ಕಲಿತೆಯಮ್ಮಾ?"

"ಅಪ್ಪನ ಹತ್ರ. ಸುತ್ತಿ ಕತ್ತರಿಸಿ ಬಿಡೋದು, ಅಷ್ಟೇ."

ಸಂಜೆ ಇನ್‌ಸ್ಪೆಕ್ಟರ್, ಹುಡುಗಿ, ಚಿಕ್ಕಪ್ಪ ಎಲ್ಲರೂ ಶೆಡ್ಡಿನಲ್ಲಿ ಸೇರಿದರು.

"ತಿಂಗಳಿಂದ ನಾನು ಇತ್ತ ತಲೆ ಹಾಕಿಲ್ಲ. ಹೊಸ ಫಿಲ್ಟರ್ ಹೇಗಿದೆ ಅಂತಾನೂ ಗೊತ್ತಿಲ್ಲ," ಎಂದ ಚಿಕ್ಕಪ್ಪ.

"ಇರಲಿ. ತಂತಿ ಸುತ್ತೋದು ಹೇಗೆ ಅಂತ ಇನ್‌ಸ್ಪೆಕ್ಟರಿಗೆ ಸ್ವಲ್ಪ ತೋರಿಸಿ," ಎಂದು ದುರ್ಬೀನು ಇಕ್ಕಳ ಕೊಟ್ಟರು.

ಚಿಕ್ಕಪ್ಪ ಒಂದು ನಟ್ಟಿಗೆ ತಂತಿ ಸುತ್ತಿ ಕತ್ತರಿಸಿದ. ಆಮೇಲೆ ಅವನ ಕೈ ತಾನಾಗಿಯೇ ತುದಿಯನ್ನು ಪುಟ್ಟ ಉಂಗುರದಂತೆ ಮಡಿಸಿತು.

"ನೋಡಿ. ಅಣ್ಣನ ತಂತಿ ಚುಚ್ಚುತ್ತೆ, ಮಗಳದ್ದೂ ಹಾಗೇ. ಉಂಗುರ ಇರೋದು ಎಡರೆಕ್ಕೆಯಲ್ಲಿ, ಮತ್ತೆ ಈ ಫಿಲ್ಟರಿನ ತಂತಿಯಲ್ಲಿ. ಆ ಫಿಲ್ಟರ್ ಕೂರಿಸಿದ್ದು ಹಾರಾಟದ ಹಿಂದಿನ ದಿನ. ಅಂದ್ರೆ ಅದಾದ ಮೇಲೆ ನೀವು ಇಲ್ಲಿಗೆ ಬಂದಿದ್ರಿ. ತಂತಿ ಕಂಡ್ರೆ ಅಣ್ಣ ಬಿಚ್ಚೋದಿಲ್ಲ ಅಂತ ನಿಮಗೆ ಗೊತ್ತಿತ್ತು. ಹತ್ತಿ ತುರುಕಿ ತಂತಿ ಸುತ್ತಿದ್ರಿ."

ಚಿಕ್ಕಪ್ಪ ಇಕ್ಕಳ ಕೆಳಗಿಟ್ಟ. "ಸ್ಕ್ರೂ ಬಿಗಿಯೋಕೆ ಲಾಯಕ್ಕು ಅಂದ. ಬಿಗಿದೆ."

ಹುಡುಗಿಗೆ ಆ ಉಂಗುರಗಳ ಕತೆ ಗೊತ್ತಿತ್ತು, ಪೊಲೀಸರ ಮುಂದೆ ತಂತಿ ಬಿಚ್ಚುವ ಗಾಬರಿಯಲ್ಲಿ ಗಮನಿಸಿರಲಿಲ್ಲ ಅಷ್ಟೇ. ಚಿಕ್ಕಂದಿನಲ್ಲಿ ತಂತಿಯ ತುದಿ ಅವಳ ಬೆರಳು ಕುಯ್ದಾಗಿನಿಂದ ಚಿಕ್ಕಪ್ಪ ಅದನ್ನು ಮಡಿಸದೆ ಬಿಟ್ಟಿರಲಿಲ್ಲ.

"ಇದಕ್ಕೂ ಯಾಕೆ ಮಡಿಸಿದೆ ಚಿಕ್ಕಪ್ಪಾ?"

"ಪೊಲೀಸರು ನಿನ್ನ ಕೈಯಲ್ಲೇ ಬಿಚ್ಚಿಸ್ತಾರೆ ಅಂತ ಗೊತ್ತಿತ್ತು," ಎಂದ ಅವನು ಮೆಲ್ಲಗೆ. "ಬೆರಳು ಕುಯ್ಯಬಾರದಲ್ಲ, ಪುಟ್ಟಿ."

ಅವನನ್ನು ಕರೆದೊಯ್ದ ಮೇಲೆ ಅವಳು ಅವನು ಆಗಷ್ಟೇ ತಂತಿ ಸುತ್ತಿದ್ದ ನಟ್ಟಿನ ಮುಂದೆ ಕುಳಿತು, ಉಂಗುರವನ್ನು ಉಗುರಿನಿಂದ ನೆಟ್ಟಗೆ ಮಾಡತೊಡಗಿದಳು. ರಕ್ತ ಬಂದರೂ ಬಿಡಲಿಲ್ಲ. ಕಂಪೌಂಡರ್ ರಕ್ತ ಒರೆಸಲೆಂದು ಜೇಬಿನಿಂದ ಹತ್ತಿ ತೆಗೆದ. ಕೈಯಲ್ಲಿರುವುದು ಏನೆಂದು ನೋಡಿದವನೇ ಸದ್ದಿಲ್ಲದೆ ಮತ್ತೆ ಜೇಬಿಗೆ ಹಾಕಿಕೊಂಡ.