ಜಗಲಿಯ ಮೇಲಿನ ಎರಡನೇ ಡಬ್ಬಿ

ಎರಡು ಗಂಟೆಗೆ ಆರು ನಿಮಿಷ ಇರುವಾಗ ಅಂಗಡಿಯ ಎರಡೂ ಇಂಟರ್ನೆಟ್ ಡಬ್ಬಿಗಳಲ್ಲಿ ಕೆಂಪು ದೀಪ ಹತ್ತಿತು. ಒಟ್ಟಿಗೇ.

ಅಂದು ಶುಕ್ರವಾರ, ನಾಗರ ಪಂಚಮಿಯ ಮರುದಿನ. ನರಗುಂದದ ಎಪಿಎಂಸಿ ಯಾರ್ಡಿನಲ್ಲಿ ಹೆಸರುಕಾಳಿನ ಟೆಂಡರ್ ಈಗ ಕಂಪ್ಯೂಟರಿನಲ್ಲೇ. ಎರಡರೊಳಗೆ ದರ ಹಾಕಬೇಕು, ಆಮೇಲೆ ಯಾರು ಕೈಮುಗಿದರೂ ಇಲ್ಲ. ನಮ್ಮ ಅಂಗಡಿಯಲ್ಲಿ ದರ ಹಾಕುವ ದುರ್ಗಾ ಇಂಟರ್ನೆಟ್ಟಿನ ವೈರು ತೆಗೆದು ಸಿಕ್ಕಿಸಿದಳು, ಮೊಬೈಲ್ ಹಿಡಿದಳು — ಆ ಹೊತ್ತಿಗೆ ಇಡೀ ಯಾರ್ಡು ಮೊಬೈಲಿಗೆ ಬಿದ್ದಿರುತ್ತದೆ, ಅದು ಸುಮ್ಮನೆ ತಿರುಗುತ್ತಲೇ ಉಳಿಯಿತು. ಹಂಗಾಮಿನ ಮೊದಲ ಮಾಲು ಪಕ್ಕದ ಅಂಗಡಿಯವರ ಪಾಲಾಯಿತು.

ನಾನು ಶ್ವೇತಾ, ಅಂಗಡಿಯ ಮಾಲೀಕ ಅಂದಾನಪ್ಪನವರ ಸೊಸೆ. ಅಂಗಡಿಯ ಹಿಂದೆಯೇ ಮನೆ. ಅಂಗಡಿಯೊಳಗಿನ ದೇವರ ಜಗಲಿಯ ಪೂಜೆ ನನ್ನ ಪಾಲಿಗೆ.

ಮಾವನವರು ಮೊದಲು ಫೋನು ಮಾಡಿದ್ದು ರೋಣದ ಮುತ್ತಣ್ಣನಿಗೆ. ಅವರ ತಂಗಿಯ ಮಗ. ಎರಡನೇ ಕನೆಕ್ಷನ್ ಕೊಟ್ಟವನು. ಫೋನಿಟ್ಟವರೇ ದುರ್ಗಾಳನ್ನು ಯಾರ್ಡಿನ ನಡುವೆ ನಿಲ್ಲಿಸಿದರು. ಹಮಾಲರೆಲ್ಲ ಚೀಲ ಇಳಿಸಿ ನೋಡುತ್ತಿದ್ದರು.

"ಒಂದು ಲೈನ್ ಹೋದ್ರ ನಮ್ಮ ಹಣೆಬರಾ ಅನ್ನಬಹುದು. ಎರಡೂ ಕಂಪನೀದು ಒಮ್ಮೆಲೇ ಹ್ಯಾಂಗ ಹೋಗ್ತಾವ? ಒಳಗಿದ್ದಾಕಿ ನೀ ಒಬ್ಬಾಕಿ. ಯಾರ ಕಡೆ ರೊಕ್ಕಾ ತಿಂದು ಬಂದ್ ಮಾಡಿದಿ, ಕಳ್ಳಿ?"

ಸೋಮವಾರದೊಳಗೆ ತಪ್ಪೊಪ್ಪಿಗೆ ಬರೆದು ಕೊಡಬೇಕು, ಇಲ್ಲವಾದರೆ ಪೊಲೀಸ್ ಠಾಣೆ. ಬರೆದರೂ ಬರೆಯದಿದ್ದರೂ ಆ ಯಾರ್ಡಿನಲ್ಲಿ ಅವಳಿಗೆ ಇನ್ನು ಕೆಲಸ ಸಿಗುವಂತಿರಲಿಲ್ಲ. ಚಿಕ್ಕನರಗುಂದದ ಹುಡುಗಿ, ತಾಯಿ ಗುಡ್ಡವ್ವ ಮಂದಿಯ ಹೊಲದಲ್ಲಿ ಕಳೆ ತೆಗೆದು ಮಗಳಿಗೆ ಕಂಪ್ಯೂಟರ್ ಕಲಿಸಿದ್ದಳು.

ಆ ಗುಡ್ಡವ್ವನೇ ಭಾನುವಾರ ಗಜೇಂದ್ರಗಡದಿಂದ ಉಡಚಪ್ಪನನ್ನು ಅಂಗಡಿಗೆ ಕರೆತಂದಳು, ಮಗಳೂ ಜೊತೆಗಿದ್ದಳು. ಮೂವತ್ತು ವರ್ಷ ಟೆಲಿಫೋನ್ ಕಂಬ ಹತ್ತಿಳಿದು ನಿವೃತ್ತನಾದ ಲೈನ್‌ಮನ್. ಈಗ ಸುತ್ತಲ ಊರಿನಲ್ಲಿ ಏನು ಕಳೆದರೂ, ಯಾರ ಮೇಲೆ ಗುಮಾನಿ ಬಂದರೂ ಅವನಿಗೇ ಕರೆ. ಹುಡುಗಿಯ ಕಳ್ಳತನ ಇವನ ಬಾಯಿಂದಲೇ ಬರಲಿ ಎಂದುಕೊಂಡು ಮಾವನವರು ಒಳಗೆ ಬಿಟ್ಟರು.

"ಎರಡು ಕನೆಕ್ಷನ್ ಯಾಕ್ರಿ ಸಾಹುಕಾರ್ರ?"

"ಒಂದು ಹೋದ್ರ ಇನ್ನೊಂದು ಇರ್ಲಿ ಅಂತ. ಆ ಬುದ್ಧಿ ಹೇಳಿದಾಕಿನೂ ಈಕಿನ."

"ಏನಂತ ಹೇಳಿದ್ದಿ ತಂಗಿ?"

"ಮೊದಲನೇದು ಕಂಬದ ಮ್ಯಾಲಿಂದ ಬರೋ ಕೇಬಲ್ ಐತ್ರಿ," ಎಂದಳು ದುರ್ಗಾ. "ಎರಡನೇದು ಟಾವರ್‌ನಿಂದ ಗಾಳ್ಯಾಗ ಬರೋದು ತಗೊಳ್ರಿ, ಮಾಳಿಗಿ ಮ್ಯಾಲೆ ಸಣ್ಣ ಛತ್ರಿ ಹಚ್ಚತಾರ ಅಂದಿದ್ದೆ."

"ತಗೊಂಡದ್ದು?"

"ನಮ್ಮ ಮುತ್ತಣ್ಣಂದು," ಎಂದರು ಮಾವನವರು. "ಅವಂದೂ ಕೇಬಲ್ಲ, ಆದ್ರ ಬ್ಯಾರೆ ಕಂಪನಿ. ಮನಿ ಹುಡುಗ ಇರಾಗ ಹೊರಗಿನವರ್ನ ಯಾಕ ಕರೀಬೇಕು?"

"ಅವ ಶುಕ್ರವಾರ ಫೋನ್‌ನ್ಯಾಗ ಏನಂದಾ?"

"ಎರಡೂ ಒಮ್ಮೆಲೇ ಹೋಗಾಕ ಸಾಧ್ಯನ ಇಲ್ಲ ಮಾಮಾ, ಒಳಗಿನವ್ರ ಯಾರೋ ಬಂದ್ ಮಾಡ್ಯಾರ ಅಂದಾ. ಬಂದು ನೋಡ್ತೀನಿ ಅಂದಾಂವ ಇನ್ನೂ ಬಂದಿಲ್ಲ."

ಉಡಚಪ್ಪ ತಲೆಯಾಡಿಸಿದ. ಮೊದಲ ಡಬ್ಬಿ ದುರ್ಗಾಳ ಮೇಜಿನ ಮೇಲಿತ್ತು. ಎರಡನೆಯದು ಜಗಲಿಯ ಮೇಲೆ, ದೇವರ ಫೋಟೊಗಳ ಪಕ್ಕ. ನಮ್ಮಲ್ಲಿ ಹೊಸ ವಸ್ತು ಬಂದರೆ ಮೊದಲು ಜಗಲಿಗೇ ಏರಬೇಕು. ಇದನ್ನು ಮಾತ್ರ ಮುತ್ತಣ್ಣ ಇಳಿಸಲು ಬಿಡಲಿಲ್ಲ. ಇಲ್ಲೇ ಇರಲಿ, ಯಾರೂ ಮುಟ್ಟುವುದಿಲ್ಲ ಎಂದಿದ್ದ. ನಮ್ಮ ಮನೆಯ ರೀತಿ ಅವನಿಗೆ ಚೆನ್ನಾಗಿ ಗೊತ್ತು.

"ತಂಗಿ, ಆ ಡಬ್ಬಿ ನೀ ಯಾವಾಗರೆ ಮುಟ್ಟಿಯೇನು?"

"ನಾ ಜಗಲಿ ಹತ್ರ ಹೋಗಂಗಿಲ್ರಿ." ಅವಳು ತಲೆ ಎತ್ತಲಿಲ್ಲ. "ಬಂದ ದಿನಾನ ಸಾಹುಕಾರ್ರು ಹೇಳಿದ್ರು. ನಾಕ್ ವರ್ಷದಾಗ ಒಮ್ಮಿನೂ ಹೋಗಿಲ್ಲ."

"ಇಲ್ಲಿ ಪೂಜಿ ಯಾರದ್ರಿ?"

"ನಂದು," ಎಂದೆ.

ಅವನು ಜಗಲಿಯ ಸ್ವಿಚ್‌ಬೋರ್ಡಿನತ್ತ ಬಗ್ಗಿದ. ನಾಗರ ಅಮಾವಾಸ್ಯೆಯ ದಿನ ನಾನು ಬೋರ್ಡು, ಸ್ವಿಚ್ಚು, ಪ್ಲಗ್ಗು ಎಲ್ಲವನ್ನೂ ಸೇರಿಸಿ ಹಸಿ ವಿಭೂತಿಯ ಮೂರು ಗೆರೆ ಎಳೆದಿದ್ದೆ. ಕರೆಂಟು ಹೊಡೆಯದಿದ್ದದ್ದು ನನ್ನ ಪುಣ್ಯ. ಗೆರೆಗಳು ಒಣಗಿ ಬೆಳ್ಳಗೆ ಕೂತಿದ್ದವು. ಎಲ್ಲೂ ಒಡೆದಿರಲಿಲ್ಲ.

"ಈ ಪ್ಲಗ್ಗಿಗೆ ಅಮಾಸಿಯಿಂದ ಯಾರೂ ಕೈ ಹಚ್ಚಿಲ್ಲ," ಎಂದ ಉಡಚಪ್ಪ. "ಅವ್ವಾರ, ಆ ಫೋಟೊ ಒಂಚೂರು ಸರಸ್ರಿ."

ಸರಿಸಿದೆ. ಡಬ್ಬಿಯಿಂದ ಹೊರಟ ವೈರು ಫೋಟೊಗಳ ಹಿಂದೆ ಇಳಿದು, ಕಪಾಟಿನ ಹಿಂದೆ ಹಾದು ದುರ್ಗಾಳ ಮೇಜಿನ ಕಡೆ ಹೋಗಿತ್ತು. ಅದರ ತುದಿ ಮೊದಲ ಡಬ್ಬಿಗೇ ಸಿಕ್ಕಿತ್ತು. "ಎರಡನೇ ಲೈನ್ ಮೇಜಿಗೆ ತಂದಾನ ಅನ್ಕೊಂಡಿದ್ದೆರಿ," ಎಂದಳು ದುರ್ಗಾ.

"ಸಾಹುಕಾರ್ರ, ಗ್ವಾಡಿಗೆ ತೂತು ಎಷ್ಟು ಅದಾವ?"

ಮಾವನವರು ನೋಡಿದರು. ಒಂದೇ ತೂತು. ಎರಡು ಕಂಪನಿಯ ಎರಡು ಕೇಬಲ್ಲು ಒಳಗೆ ಬರಬೇಕಾದ ಗೋಡೆಗೆ ಒಂದೇ ತೂತು, ಅದರಲ್ಲಿ ಒಂದೇ ಕೇಬಲ್ಲು. ತಿಂಗಳಿಂದ ನಾವೆಲ್ಲ ಅದರ ಮುಂದೆಯೇ ಓಡಾಡಿದ್ದೆವು.

"ನೀವು ತಗೊಂಡದ್ದು ಎರಡು ಹೆಸರು, ಎರಡು ಡಬ್ಬಿ. ಲೈನು ಒಂದ. ಮೊದಲನೇದ್ರಾಗಿಂದನ ಎರಡನೇದಕ್ಕ ಕೊಟ್ಟಾನ. ಬೇಕಾಗಿದ್ದು ಎರಡು ಕಂಪನಿ ಅಲ್ರಿ, ಎರಡು ದಾರಿ. ಅದನ್ನ ಈ ಹುಡುಗಿ ಹೇಳಿದ್ಲು."

"ಆ ಒಂದ ಲೈನಾದ್ರೂ ಹೋಗಿದ್ದು ಹ್ಯಾಂಗ?"

ಉಡಚಪ್ಪ ಹೊರಗೆ ನಡೆದ. ಅಂಗಡಿಯ ಮುಂದಿನ ಬೇವಿನ ಮರದಲ್ಲಿ ಪಂಚಮಿಯ ಜೋಕಾಲಿ ಇನ್ನೂ ಇತ್ತು. ನನ್ನ ಮಗಳು ಚಿನ್ನುಗೆಂದು ಮಾವನವರೇ ನಿಂತು ಕಟ್ಟಿದ್ದರು. ಕೊಂಬೆಯ ಗುಂಟ ಕರಿ ಕೇಬಲ್ಲು ಹಾದಿತ್ತು. ಹಗ್ಗ ಅದರ ಮೇಲೆಯೇ ಸುತ್ತಿತ್ತು. ಗುರುವಾರವೆಲ್ಲ, ಶುಕ್ರವಾರ ಮಧ್ಯಾಹ್ನದವರೆಗೂ ಮಕ್ಕಳು ಜೀಕಿದ್ದರು. ಹಗ್ಗ ತಿಕ್ಕಿ ತಿಕ್ಕಿ ಕೇಬಲ್ಲು ಸೀಳಿತ್ತು.

"ಎಲ್ಲಾರೂ ಒಳಗ ಹುಡುಗೀನ್ನ ನೋಡಿದ್ರಿ. ಮ್ಯಾಲೆ ಯಾರೂ ನೋಡ್ಲಿಲ್ಲ. ಹಗ್ಗದ್ದು ಗೊತ್ತಿಲ್ಲದ ಆದ ತಪ್ಪು. ಮುತ್ತಣ್ಣಂದು ಗೊತ್ತಿದ್ದ ಮಾಡಿದ್ದು. ಎರಡೂ ಯಾಕ ಹೋದ್ವು ಅನ್ನೋದು ಶುಕ್ರವಾರನ ಗೊತ್ತಿದ್ದಾಂವ ಅವನೊಬ್ಬನ. ತಾ ಉಳಿಯಾಕ ಈಕಿ ಮ್ಯಾಲೆ ಹಾಕಿದಾ."

ಸಂಜೆ ಮುತ್ತಣ್ಣ ಬಂದ. ಜಗಲಿಯ ವೈರು ನೋಡಿದ ಮೇಲೆ ಸುಳ್ಳು ಹೇಳಲು ಜಾಗ ಉಳಿಯಲಿಲ್ಲ. "ಹೊಸಾ ಕೇಬಲ್ ಎಳಿಯೂದು ಭಾಳ ತ್ರಾಸ ಇತ್ತು ಮಾಮಾ. ಡಬ್ಬಿ ನಡೀತಿತ್ತಲ್ಲ," ಎಂದ.

ಮಾವನವರು ಅವನತ್ತ ತಿರುಗಿದರು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ.

"ಹುಡುಗ ತಪ್ಪ ಮಾಡ್ಯಾನ. ಮನ್ಯಾಗಿನ ಮಾತು ಮನ್ಯಾಗ ಇರ್ಲಿ. ದುರ್ಗಾ, ನೀ ನಾಳೆ ಲಗೂ ಬಾ, ಟೆಂಡರ್ ಐತಿ."

ದುರ್ಗಾ ಕದಲಲಿಲ್ಲ. "ಯಾರ್ಡ್‌ನ್ಯಾಗ ಎಲ್ಲಾರ ಮುಂದ ಕಳ್ಳಿ ಅಂದ್ರಿ. ಅಲ್ಲೇ ನಿಂತು, ಅಲ್ಲ ಅನ್ರಿ. ಬರ್ತೀನಿ."

ಮಾವನವರು ಟೋಪಿ ತೆಗೆದು ನೋಡಿದರು, ಮತ್ತೆ ಹಾಕಿಕೊಂಡರು. ತಂಗಿಯ ಮಗನ ಹೆಸರು ಹೇಳದೆ ಅವಳನ್ನು ಆರೋಪದಿಂದ ಬಿಡಿಸುವುದು ಆಗುತ್ತಿರಲಿಲ್ಲ. ಅವಳು ಅಂಗಡಿಯ ಕೀಲಿ ಮೇಜಿನ ಮೇಲಿಟ್ಟು, ತಾಯಿಯ ಕೈ ಹಿಡಿದು ಹೊರಟಳು.

ಉಡಚಪ್ಪ ಚಪ್ಪಲಿ ಮೆಟ್ಟುತ್ತ ನನ್ನ ಹತ್ತಿರ ನಿಂತ. ದನಿ ತಗ್ಗಿಸಿದ.

"ಶುಕ್ರವಾರ ಸಂಜಿ ದೀಪ ಹಚ್ಚಿದವ್ರು ನೀವ ಅಲ್ರಿ ಅವ್ವಾರ? ವಿಭೂತಿ ಒಡದಿಲ್ಲ ಅನ್ನೋದು ಅವತ್ತ ಕಂಡಿರಬೇಕಲ್ಲ?"

ಕಂಡಿತ್ತು. ದೀಪದ ಬೆಳಕಿನಲ್ಲಿ ಮೂರೂ ಗೆರೆ ಚೆನ್ನಾಗಿ ಕಂಡಿದ್ದವು. ಆ ಜಗಲಿ ಮುಟ್ಟುವವಳು, ಆ ಗೆರೆ ಅಳಿಸಿ ಮತ್ತೆ ಎಳೆಯಬಲ್ಲವಳು ನಾನೊಬ್ಬಳೇ. ಬಾಯಿ ಬಿಟ್ಟರೆ ಗುಮಾನಿ ನನ್ನ ಕಡೆಗೆ ತಿರುಗುತ್ತದೆಂದು ಹೆದರಿದೆ. ಮೂರು ದಿನ ಸುಮ್ಮನಿದ್ದೆ.

ಉತ್ತರಕ್ಕೆ ಕಾಯದೆ ಅವನು ಹೋದ. ಸೋಮವಾರ ಮಾಳಿಗೆಯ ಮೇಲೆ ಛತ್ರಿ ಕೂರಿಸಲು ಹೊರಗಿನವರು ಬಂದರು. ದುರ್ಗಾಳ ಕುರ್ಚಿಯಲ್ಲಿ ಈಗ ನಾನು ಕೂರುತ್ತೇನೆ, ಎರಡು ಗಂಟೆಯೊಳಗೆ ದರ ಹಾಕುತ್ತೇನೆ. ಯಾರ್ಡಿನವರು ಇವತ್ತಿಗೂ ಅವಳನ್ನು ಕಳ್ಳಿ ಎಂದೇ ಅನ್ನುತ್ತಾರೆ, ನನ್ನ ಎದುರಿಗೇ.